ಗೊತ್ತಿಲ್ಲದವರ ಎಡಗೈ

ನಾನು ನಿಂತಿದ್ದದ್ದು ಎಂಟನೇ ತರಗತಿಯ ಬಾಗಿಲ ಒಳಗೆ, ಕರಿಹಲಗೆಯಿಂದ ಮೂರು ಹೆಜ್ಜೆ ದೂರದಲ್ಲಿ. ಡಿಸೆಂಬರಿನ ಒಂದು ಮಂಗಳವಾರ, ಎರಡನೇ ಪೀರಿಯಡ್. ಊರು ಬಿಳಿಗೆರೆಯಿಂದ ಆಚೆ. ಅಲ್ಲಿನ ಶಾಲೆಗೆ ನಾನು ಮುಖ್ಯೋಪಾಧ್ಯಾಯ.

ಇಂಗ್ಲಿಷ್ ಕಲಿಸುತ್ತಿದ್ದವರು ಅತಿಥಿ ಶಿಕ್ಷಕಿ. ದಿನವೂ ಟಿ. ನರಸೀಪುರದಿಂದ ಎರಡು ಬಸ್ ಬದಲಿಸಿ ಬರುತ್ತಿದ್ದರು. ಜೂನ್‌ನಲ್ಲಿ ಅವರನ್ನು ಮತ್ತೆ ಕರೆಯುವುದೋ ಬಿಡುವುದೋ ಎಂಬುದು ಆ ದಿನ ತಪಾಸಣೆಗೆ ಬರಲಿದ್ದ ಅಧಿಕಾರಿಯ ವರದಿಯ ಮೇಲೆ ನಿಂತಿತ್ತು. ಅಫ್ರೇಡ್ ಆಫ್, ಆಂಗ್ರಿ ವಿತ್, ವರೀಡ್ ಅಬೌಟ್. ಭಯ, ಕೋಪ, ಚಿಂತೆಯ ಪದಗಳ ಜೊತೆಗೆ ಯಾವ ಪುಟ್ಟ ಪದ ಬರಬೇಕೆಂದು ಅವರು ಮಗ್ಗಿಯಂತೆ ಹೇಳಿಸುತ್ತಿದ್ದರು. ಅರ್ಧ ತರಗತಿಗೆ ಬಂದಿತ್ತು. ಉಳಿದವರಿಗೆ ಇನ್ನೊಂದು ತಿಂಗಳು ಬೇಕು ಎಂದು ನನಗೆ ಹೇಳಿಯೂ ಇದ್ದರು.

ಹಿಂದಿನ ಸಂಜೆ ಅವರು ಹೊರಟ ಮೇಲೆ ನಾನು ಮಕ್ಕಳಿಗೆ ನಮ್ಮ ಕಡೆಯ ಹಳೆಯ ಉಪಾಯ ಹೇಳಿಕೊಟ್ಟೆ. ಏನು ಕೇಳಿದರೂ ಎಲ್ಲರೂ ಕೈ ಎತ್ತಬೇಕು. ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಬೆಳಿಗ್ಗೆ ಅವರಿಗೂ ತಿಳಿಸಿದೆ.

"ಬೇಡ ಸಾ. ಬರದಿದ್ರೆ ಬರಲ್ಲ ಅನ್ಲಿ."

"ನಿಮ್ಮ ಒಳ್ಳೇದಕ್ಕೇ ಕಣ್ರೀ ಮೇಡಂ. ಬಲಗೈಯೋರನ್ನ ಕರೀರಿ, ಸಾಕು."

ಅಧಿಕಾರಿ ಹಲಗೆಯ ಮೇಲೆ, ಅಮ್ಮನಿಗೆ ನನ್ನ ಮೇಲೆ ಕೋಪ ಬಂದಿದೆ ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆದು, ನಡುವೆ ಒಂದು ಪದದ ಜಾಗ ಬಿಟ್ಟರು. ಕೈಗಳೆಲ್ಲ ಮೇಲೆದ್ದವು. ಶಿಕ್ಷಕಿ ಒಬ್ಬರನ್ನು ಕರೆಯುವ ಮೊದಲೇ ಅಧಿಕಾರಿಯೇ ಮೂರನೇ ಬೆಂಚಿನ ಹುಡುಗಿಯನ್ನು ತೋರಿಸಿದರು. ಅವಳು ಎತ್ತಿದ್ದು ಎಡಗೈ.

"ಆನ್, ಸಾ."

"ಏನವ್ವಾ, ನಿಮ್ಮವ್ವ ನಿನ್ ಮ್ಯಾಲೆ ಹತ್ತಿ ಕೂತವ್ಳಾ?" ಮಕ್ಕಳು ನಕ್ಕರು. "ಗೊತ್ತಿಲ್ದೆ ಕೈ ಯಾಕೆತ್ತಿದೆ?"

"ಗೊತ್ತಿಲ್ದೋರು ಎಡಗೈ ಎತ್ತಿ ಅಂತ ಯೋಳವ್ರೆ ಸಾ."

ಯಾರು ಹೇಳಿದ್ದು ಎಂದು ಅಧಿಕಾರಿ ಕೇಳಲಿಲ್ಲ. ಶಿಕ್ಷಕಿಯ ಕಡೆ ತಿರುಗಿದರು.

"ಪಾಠ ಇಲ್ದಿದ್ರೂ ನಾಟ್ಕ ಚೆನ್ನಾಗಿ ಕಲಿಸಿದ್ದೀರ ಮೇಡಂ."

ಶಿಕ್ಷಕಿ ನನ್ನನ್ನು ನೋಡಿದರು. ನಾನು ಹಲಗೆಯನ್ನು ನೋಡಿದೆ. ಮಾತಾಡಲು ಸಮಯವಿತ್ತು: ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು, ವರದಿ ಪುಸ್ತಕದಲ್ಲಿ ಪುಟ ಹುಡುಕಿ, ನಾಲ್ಕು ಸಾಲು ಬರೆದು ಮುಗಿಸುವಷ್ಟು. ಆ ನಾಲ್ಕು ಸಾಲಿನ ಕೆಳಗೆ ನಾನೂ ಸಹಿ ಹಾಕಿದೆ. ಜೂನ್‌ನಲ್ಲಿ ಅವರನ್ನು ಕರೆಯಲಿಲ್ಲ.

ಅಂದು ಅಲ್ಲಿದ್ದವರಲ್ಲಿ ಅಧಿಕಾರಿ ಈಗ ತೀರಿಕೊಂಡಿದ್ದಾರೆ. ಆ ಹುಡುಗಿ ನಂಜನಗೂಡಿನಲ್ಲಿ ಬಟ್ಟೆ ಹೊಲಿಯುತ್ತಾಳೆ; ಎದುರು ಸಿಕ್ಕರೆ ಈಗಲೂ ನಮಸ್ಕಾರ ಹೇಳುತ್ತಾಳೆ. ಆ ಹೊತ್ತಿಗೆ ಅಕ್ಕಿಯ ಕೋಣೆಯ ಕೀಲಿ ಕೇಳಲು ಬಂದು, ಕಿಟಕಿಯಾಚೆ ನಿಂತು ಎಲ್ಲ ನೋಡಿದ್ದ ಬಿಸಿಯೂಟದ ಅಡುಗೆಯಮ್ಮ ಬದುಕಿದ್ದಾಳೆ. ಟಿ. ನರಸೀಪುರದಲ್ಲಿ ಆ ಶಿಕ್ಷಕಿ ಇದ್ದಾರೆ.