ಆಡ್ಲಿ ಎಂದವನು ನಾನು

ಸುನಂದಾ, ನಾನು ಕಲಿಸಿದ ವ್ಯಾಯಾಮ ನೀನು ಮಾಡಲಿಲ್ಲ ಎಂದು ನಿಮ್ಮಪ್ಪನೆದುರು ಹೇಳಿದೆನಲ್ಲ — ಅದು ಸುಳ್ಳು. ನೀನು ಮಾಡುತ್ತಿದ್ದೆ. ಹಾರೂಗೇರಿಯಿಂದ ಅಥಣಿಗೆ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರುವಾಗ ಬಸ್ಸಿನಲ್ಲೂ ಬಿಡುತ್ತಿರಲಿಲ್ಲ.

"ಕುಸ್ತ್ಯಾಗ ಕುತ್ತಿಗಿ ಹಿಡದಾಗೊಮ್ಮೆ ಬೆರಳು ಜೋಮು ಹಿಡಿತಾವ್ರಿ ಸರ್" ಎಂದು ಮೊದಲ ದಿನವೇ ನೀನು ಹೇಳಿದ್ದೆ. ಕುತ್ತಿಗೆಯಿಂದ ಕೈಗಿಳಿಯುವ ನರಕ್ಕೆ ಪೆಟ್ಟಾಗಿತ್ತು. ಅದು ಮಾಯುವವರೆಗೆ ಕುಸ್ತಿ ಕೂಡದು ಎಂದಿದ್ದೆ ನಾನು. ನೀನು ಒಪ್ಪಿದ್ದೆ ಕೂಡ.

ಆದರೆ ಅಂಕಲಿಯ ಕುಸ್ತಿಗೆ ನಿನ್ನ ಜೋಡಿ, ಅಂದರೆ ಎದುರಾಳಿ ಯಾರೆಂಬುದು, ಆಗಲೇ ಗೊತ್ತಾಗಿತ್ತು. ಜೋಡಿ ಗೊತ್ತಾದ ಮೇಲೆ ಹಿಂದೆ ಸರಿದರೆ ನಮ್ಮ ಕಡೆ ಇಡೀ ತಾಲೀಮಿಗೇ, ಗರಡಿಗೇ ಅವಮಾನ. ನಿನ್ನ ವಸ್ತಾದರು ನನ್ನನ್ನು ತಾಲೀಮಿಗೆ ಕರೆಸಿದರು. ನನಗೂ ಕುಸ್ತಿ ಕಲಿಸಿದ ಗುರು ಅವರೇ. ಆ ಕೆಂಪು ಮಣ್ಣಿನ ಮೇಲೆ ನಿಂತು ಗುರುವಿಗೆ ಇಲ್ಲ ಎನ್ನುವುದು... ಹುಡುಗರೆಲ್ಲರ ಮುಂದೆ ಕೇಳಿದರು — "ಡಾಕ್ಟರಾಗಿ ಅಲ್ಲಲೇ, ನನ್ನ ಶಿಷ್ಯಾ ಆಗಿ ಹೇಳು. ಆಡ್ತಾಳೋ ಇಲ್ಲೋ?"

"ಆಡ್ಲಿರಿ" ಎಂದೆ.

ನೀನು ನನ್ನ ಮುಖ ನೋಡಿದೆ. ನಾನು ತಲೆ ತಗ್ಗಿಸಿದೆ.

ಅಂಕಲಿಯಲ್ಲಿ ಎದುರಾಳಿ ನಿನ್ನ ಕುತ್ತಿಗೆ ಅದುಮಿ ಎತ್ತಿ ಒಗೆದಳು. ನೀನು ಎದ್ದೆ — ಬಲಗೈ ಏಳಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಆಸ್ಪತ್ರೆಯ ಹೊರಗೆ ನಿಮ್ಮಪ್ಪ "ಹಿಂಗ್ಯಾಕಾತ್ರಿ?" ಎಂದು ಅಳುತ್ತ ಕೇಳಿದಾಗ ವಸ್ತಾದರ ಮರ್ಯಾದೆ, ನನ್ನ ಹೆಸರು, ಎರಡೂ ನೆನಪಾದವು. ನೀನು ನೆನಪಾಗಲಿಲ್ಲ.

"ವ್ಯಾಯಾಮ ಮಾಡಿಲ್ರಿ ಆಕಿ. ಮಾಡಿದ್ರ ಏನೂ ಆಗ್ತಿರ್ಲಿಲ್ಲ" ಎಂದುಬಿಟ್ಟೆ.

ಊರೂ ಅದನ್ನೇ ನಂಬಿತು. ನಿಮ್ಮಪ್ಪ ನಿನ್ನೊಡನೆ ಮಾತು ಬಿಟ್ಟರು. ಎಷ್ಟೋ ವರ್ಷಗಳಾದವು — ಆ ಕೈಗೆ ಇನ್ನು ಬಲ ಬರುವುದಿಲ್ಲ, ಅದು ನನಗೆ ಗೊತ್ತು. ಆದರೂ ಚಿಕಿತ್ಸೆಗೆ ಬಾ ಎನ್ನುತ್ತೇನೆ, ನೀನು ಬರುತ್ತೀ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮೊನ್ನೆ ಎಡಗೈಯಿಂದ ಬಲಗೈಯನ್ನೆತ್ತಿ ನನ್ನ ಮೇಜಿನ ಮೇಲಿಟ್ಟು ನೀನಂದೆ — "ನಾನೇ ವ್ಯಾಯಾಮ ಸರಿಯಾಗಿ ಮಾಡ್ಲಿಲ್ಲ ಕಾಣಸ್ತೈತ್ರಿ ಸರ್. ನಿಮ್ಮ ಹೆಸರು ಕೆಡಿಸಿದೆ. ಸಿಟ್ಟಾಗಬ್ಯಾಡ್ರಿ."

ಆಗಲಾದರೂ ಬಾಯಿ ಬಿಡಬೇಕಿತ್ತು. ನಿನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತ, "ಇರ್ಲಿ ಬಿಡವಾ" ಎಂದು ನಾನು ನಿನ್ನನ್ನು ಕ್ಷಮಿಸಿದೆ.