ಗಣಪತಿ ಕೂತೆದ್ದ ಪೆಟ್ಟಿಗೆ

ದಣಿವಿನ ವಿಷಯದಲ್ಲಿ ಮಾತ್ರ ನಾನು ಸುಳ್ಳು ಹೇಳುವುದಿಲ್ಲ. ಮರದ ಪೆಟ್ಟಿಗೆಯೊಂದು ಬೇಕು ಅನಿಸಿದ್ದು ಅಚ್ಚುಕಟ್ಟುತನದ ಮೋಹದಿಂದಲ್ಲ, ಹುಡುಕಿ ಹುಡುಕಿ ಸಾಕಾಗಿ. ದಿನಾ ಬೆಳಿಗ್ಗೆ ಅಂಕೋಲೆಯಲ್ಲಿ ಬಸ್ಸು ಹತ್ತಿ, ಅರ್ಗಾ ದಾಟುವಷ್ಟರಲ್ಲಿ ಒಂದು ತೂಕಡಿಕೆ ಮುಗಿಸಿ, ಕಾರವಾರದಲ್ಲಿ ಇನ್ನೊಂದು ಬಸ್ಸು ಹಿಡಿದು ಕಿನ್ನರದ ಶಾಲೆಗೆ ಪಾಠ ಮಾಡಲು ಹೋಗುವವಳು ನಾನು. ಸಂಜೆ ಮನೆ ಮುಟ್ಟಿದಾಗ ನನ್ನಲ್ಲಿ ಅರ್ಧ ತಾಸಿಗಾಗುವಷ್ಟು ಜೀವ ಉಳಿದಿರುತ್ತದೆ. ಆ ಅರ್ಧ ತಾಸು ತೆಂಗಿನ ಕರಟ ಕೊರೆದು ದೀಪ, ಚಮಚ, ಗುಂಡಿ ಮಾಡುತ್ತೇನೆ. ಚಮಚಗಳು ಸೊಟ್ಟಗಿರುತ್ತವೆ. ನನಗೆ ಅದರಿಂದ ಬೇಸರವಿಲ್ಲ.

ಬೇಸರವಿದ್ದದ್ದು ಬೇರೆಯದಕ್ಕೆ. ನನ್ನ ಸಾಮಾನೆಲ್ಲ ಬಿಸ್ಕೀಟಿನ ಡಬ್ಬಿಯಲ್ಲಿತ್ತು, ಡಬ್ಬಿ ಊರಿನ ಬಾವಿಯಂತೆ ಎಲ್ಲರದೂ ಆಗಿತ್ತು. ಗರಗಸದ ಬ್ಲೇಡು ಯಜಮಾನರ ಕೈಯಲ್ಲಿ ನಲ್ಲಿ ಪೈಪು ಕೊಯ್ಯುತ್ತಿತ್ತು. ಕರಟ ಉಜ್ಜುವ ಅರ ಅತ್ತೆಯ ಈಳಿಗೆಗೆ ಸಾಣೆಯಾಗಿತ್ತು. ಸಿಕ್ಕಾಗಲೆಲ್ಲ ಅದಕ್ಕೆ ಬಂಗಡೆ ಮೀನಿನ ವಾಸನೆ. ಉಳಿದದ್ದನ್ನು ಉಪ್ಪುಗಾಳಿ ತಿನ್ನುತ್ತಿತ್ತು. ಹುಡುಕಾಟದಲ್ಲೇ ನನ್ನ ಅರ್ಧ ತಾಸು ತೀರಿಹೋಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀವು ನಗಬಹುದು. ನಗಿ. ಆದರೆ ಆ ಮನೆಯಲ್ಲಿ ನನ್ನದೇ ಅನ್ನುವ ಒಂದು ಮೂಲೆ, ಒಂದು ಗೇಣಾದರೂ ಸಾಕು, ನನಗೆ ನಿಜಕ್ಕೂ ಬೇಕಿತ್ತು.

ಪೆಟ್ಟಿಗೆ ಆರಿಸುವುದು ಗಂಡು ಹುಡುಕಿದಷ್ಟೇ ತ್ರಾಸು. ಕಾರವಾರದ ಅಂಗಡಿಗಳಲ್ಲಿ ಇದ್ದದ್ದೆಲ್ಲ ಪ್ಲೈವುಡ್ಡು. ಒಂದು ಮಳೆಗಾಲಕ್ಕೆ ಹಪ್ಪಳದಂತೆ ಉಬ್ಬುತ್ತದೆ. ಸಾಗವಾನಿ ಒಳ್ಳೆಯದು ಅಂದರು ಒಬ್ಬರು, ಮತ್ತಿ ಮರಕ್ಕೆ ಸಮ ಯಾವುದೂ ಇಲ್ಲ ಅಂದರು ಇನ್ನೊಬ್ಬರು. ಕೊನೆಗೆ ಒಂದು ಭಾನುವಾರ ಸುಂಕಸಾಳದ ಆಚಾರಿಯ ಹತ್ತಿರ ಹೋದೆ.

"ಒಳಗೆ ಎಂತಾ ಇಡೂದು ಅಂತ ಮೊದ್ಲು ಹೇಳಿ ಅಕ್ಕೋರೆ. ಬಟ್ಟೆಗಾದ್ರೆ ಬೇರೆ, ಬಂಗಾರಕ್ಕಾದ್ರೆ ಬೇರೆ," ಅಂದ.

ಉಳಿ ಹಿಡಿದೇ ಬದುಕುವವನ ಎದುರು ನಾನೂ ಉಳಿ ಹಿಡಿಯುತ್ತೇನೆ ಅನ್ನಲು ನಾಚಿಕೆಯಾಯಿತು. "ಸ್ವಲ್ಪ ಮುಖ್ಯದ ಸಾಮಾನು. ಕಂಡಕಂಡವರು ಮುಟ್ಟಬಾರದು," ಅಂದೆ.

ಆಚಾರಿ ಗಂಭೀರವಾಗಿ ತಲೆಯಾಡಿಸಿದ. ಕಂಡಕಂಡವರು ಮುಟ್ಟಬಾರದ ಸಾಮಾನು ನಮ್ಮ ಕಡೆ ಒಂದೇ, ದೇವರದು. ಹಾಗಾಗಿ ತಿಂಗಳ ನಂತರ ಟೆಂಪೋದಲ್ಲಿ ಬಂದದ್ದು ಹಲಸಿನ ಪೆಟ್ಟಿಗೆ. ದೇವರ ಪೀಠ, ಮಣೆ, ಮಂಟಪಗಳಿಗೆ ಒದಗುವ ಮರ. ಅರಿಶಿನ ಬಣ್ಣ, ಮೇಲೆ ಸಪಾಟಾದ ಮುಚ್ಚಳ. ನಾನು ಹೇಳಿದ್ದ ಎರಡು ಡ್ರಾವರುಗಳ ಸುಳಿವೇ ಇಲ್ಲ. "ಕಾಲು ತಾಗಿಸೂಕಾಗ ಮತ್ತೆ," ಎಂದು ಆಚಾರಿ ಫೋನಿನಲ್ಲಿ ಎಚ್ಚರಿಸಿದ. ನಾನು ವಾದ ಮಾಡಲಿಲ್ಲ. ಜಗಳಕ್ಕೂ ಜೀವ ಬೇಕಲ್ಲ? ಸಾಮಾನು ತುಂಬಿದೆ, ಅರ್ಧ ಕೊರೆದ ದೀಪವನ್ನೂ ಒಳಗಿಟ್ಟೆ. ಚೌತಿಯ ರಜೆಯಲ್ಲಿ ಮುಗಿಸಬೇಕು ಅಂತ ತಿಂಗಳಿಂದ ಕಾದಿದ್ದೆ.

ಚೌತಿಯ ಬೆಳಿಗ್ಗೆ ನಾನು ಮೋದಕದ ಹಿಟ್ಟಿನಲ್ಲಿ ಕೈಯಿಟ್ಟಿದ್ದಾಗ ಯಜಮಾನರು ಗಣಪತಿ ತಂದರು. ಕೈ ತೊಳೆದು ಬರುವಷ್ಟರಲ್ಲಿ ಗಣಪತಿ ನನ್ನ ಪೆಟ್ಟಿಗೆಯ ಮೇಲೆ ಕೂತಾಗಿತ್ತು! ಕೆಂಪು ವಸ್ತ್ರ ಹಾಸಿ, ಮೇಲೆ ಹಣ್ಣು-ಕಾಯಿಗಳ ಫಲಾವಳಿ ಕಟ್ಟಿ, ಅತ್ತೆ ಅಕ್ಷತೆ ಹಾಕುತ್ತಿದ್ದರು.

"ಹಲಸಿಂದು, ಎತ್ತರನೂ ಸಮಾ ಬಂತು. ಅದ್ಕಾಗೇ ಮಾಡ್ಸಿದ್ಯೇನೆ? ಒಂದ್ ಮಾತು ಹೇಳೂದಲ್ವಾ!" ಅಂದರು. ಮುಖದಲ್ಲಿ ಅಷ್ಟು ಸಂತೋಷ. ನಾನು ತಿರುಗಿ ಮೋದಕದ ಹಿಟ್ಟಿಗೇ ಹೋದೆ.

ಕೂತ ಗಣಪತಿಯನ್ನು ನೀರಿಗೆ ಬಿಡುವ ದಿನದವರೆಗೆ ಕದಲಿಸುವಂತಿಲ್ಲ. ಐದು ದಿನ. ಆರತಿ ಎತ್ತಿದಾಗಲೆಲ್ಲ ನನ್ನ ಕಣ್ಣು ಮುಚ್ಚಳದ ಸಂದಿನ ಮೇಲೆ. ವಿಘ್ನ ಕಳೆಯುವವನೇ ವಿಘ್ನವಾಗಿ ಕೂತರೆ ಯಾರಿಗೆ ದೂರುವುದು? ಮೂರನೆಯ ದಿನ ಪಾತ್ರೆ ತಿಕ್ಕುತ್ತ ಅತ್ತೂಬಿಟ್ಟೆ. ಒಂದು ಕರಟಕ್ಕೆ ಅಂದರೆ ನೀವು ನಂಬಲಿಕ್ಕಿಲ್ಲ.

ಗಣಪತಿ ಹೋದ ಮರುದಿನ ಬಿಸ್ಕೀಟಿನ ಡಬ್ಬಿಯ ಕಾಲದಿಂದ ಕಾಣೆಯಾಗಿದ್ದ ಅರವನ್ನು ಅತ್ತೆ ತಾವಾಗಿಯೇ ತಂದು ಕೊಟ್ಟರು. ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದಿದ್ದರು. "ಇಟ್ಕ. ದೇವ್ರು ಕೂತ ಪೆಟ್ಗೆದು. ಮೀನು ಮುಟ್ಟಿದ ಕೈಲಿ ನಾ ಇನ್ನು ತೆಗೂದಿಲ್ಲ," ಅಂದರು.

ನಾನು ಪೇಟೆಯಿಂದ ತಂದಿದ್ದ ಹಿತ್ತಾಳೆಯ ಬೀಗ ಇನ್ನೂ ಕಾಗದದಲ್ಲೇ ಇದೆ. ಬೀಗ ಹಾಕಿದ್ದರೆ ಕೀಲಿ ಎಲ್ಲಿ ಅಂತ ಕೇಳುತ್ತಿದ್ದರು, ಮುಖ ಊದಿಸುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ. ನಾನೂ ಬಸ್ಸಿಳಿದು ಬಂದವಳು ಕೈಕಾಲು ತೊಳೆಯದೆ ಮುಚ್ಚಳ ಎತ್ತುವಂತಿಲ್ಲ, ನಿಜ. ಆದರೆ ಕಾಲ ಮೇಲೆ ತಣ್ಣೀರು ಬೀಳುವಾಗ ಶಾಲೆಯೂ ಬಸ್ಸೂ ಅಷ್ಟಿಷ್ಟು ತೊಳೆದುಹೋಗುತ್ತವೆ.

ಮೊನ್ನೆ ಭಾನುವಾರ ಯಜಮಾನರು ಬಾಗಿಲಲ್ಲೇ ನಿಂತು, "ಗರಗಸದ ಬ್ಲೇಡು ಬೇಕಾಗಿತ್ತು. ನೀನೇ ತೆಗ್ದುಕೊಡು ಮಾರಾಯ್ತಿ, ನಂದು ಸ್ನಾನ ಆಗ್ಲಿಲ್ಲ," ಅಂದರು.

ನಾನು ಆಗಷ್ಟೇ ಮಿಂದು ಬಂದಿದ್ದೆ. ಬೆನ್ನ ಮೇಲೆ ಕೂದಲು ಇನ್ನೂ ತೊಟ್ಟಿಕ್ಕುತ್ತಿತ್ತು.

"ನಂದೂ ಆಗ್ಲಿಲ್ಲ," ಅಂದು ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತೆ.