ಇಸುರುಗಿ ಸಕುಜೋ ಅವರ ಸಾಲು ಅವರಿಗೇ ಇರಲಿ

ಜಪಾನಿನ ಎಂಕಾ ಹಾಡುಗಾರಿಕೆಯ ಲೋಕದಲ್ಲಿ ಮೇಲ್ದನಿಯವರಿಗೆ ಬರವಿಲ್ಲ. ಬಂದರಿನ ವಿರಹವಾಗಲಿ, ಹಿಮದ ದಾರಿಯಾಗಲಿ, ಗಂಟಲು ನಡುಗಿಸಿ ಜನರ ಕಣ್ಣು ಒದ್ದೆ ಮಾಡುವವರು ಊರೂರಿಗೂ ಸಿಗುತ್ತಾರೆ. ಆದರೆ ಇನ್ನೊಬ್ಬ ಗಂಡಸಿನ ದನಿಯ ಕೆಳಗೆ ತನ್ನ ದನಿಯನ್ನು ಹಾಸಿ, ಅವನು ಎಡವದಂತೆ ನೋಡಿಕೊಳ್ಳಬಲ್ಲ ಗಾಯಕರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ಈ ಶರತ್ಕಾಲದಲ್ಲಿ ಎಪ್ಪತ್ತು ತುಂಬಿ ವೇದಿಕೆಯಿಂದ ನಿವೃತ್ತರಾಗುತ್ತಿರುವ ಶ್ರೀ ಇಸುರುಗಿ ಸಕುಜೋ ಅವರು. ಶಿಷ್ಯರು ತಾವೇ ಹಣ ಹಾಕಿ ತರುತ್ತಿರುವ ಈ ಸಂಪುಟಕ್ಕೆ 'ಸಿಹಿಯಾದದ್ದೇನಾದರೂ' ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದಾರೆ. ಅವರ ಹಿಂದೆ ಅಕಾರ್ಡಿಯನ್ ಬಾರಿಸುತ್ತಲೇ ತಲೆ ನರೆತ ನನಗೂ ಸಿಹಿ ಬರೆಯುವ ಆಸೆಯಿತ್ತು. ಆದರೆ ಒಳಗೆ ಸಿಟ್ಟು ಕುದಿಯುತ್ತಿರುವಾಗ ಬಾಯಲ್ಲಿ ಬೆಲ್ಲ ಇಟ್ಟುಕೊಳ್ಳುವುದು ನನ್ನಿಂದಾಗದು.

ಹಾಚಿನೋಹೆ ಬಂದರಿನ ಗಲ್ಲಿಗಳಲ್ಲಿ ಸಂಜೆ ದೀಪ ಹಚ್ಚುತ್ತಲೇ ಅಂಗಡಿಯಿಂದ ಅಂಗಡಿಗೆ ನಡೆದು, ಕುಡಿಯಲು ಬಂದವರು ಕೇಳಿದ ಹಾಡು ಹಾಡಿ ಬದುಕುತ್ತಿದ್ದ ಜೋಡಿ ಸಕುಜೋ ಮತ್ತು ಓದಾಶಿಮಾ ತೊಕುಹೇ ಅವರದು. ಮೇಲ್ದನಿ ತೊಕುಹೇ ಅವರದು. ಗಿಟಾರ್ ಮತ್ತು ಕೆಳದನಿ ಸಕುಜೋ ಅವರದು. ನಾನು ಜೊತೆಗೂಡಿದ ಮೊದಲ ಸಂಜೆ ಮೀನುಗಾರನೊಬ್ಬ ತಾನೇ ಹಾಡುತ್ತೇನೆಂದು ಹಠ ಹಿಡಿದು, ಶ್ರುತಿ ಬಿಟ್ಟು ಎಲ್ಲೆಲ್ಲೋ ಅಲೆದ. ನಾನು ಬಾರಿಸುವುದನ್ನೇ ನಿಲ್ಲಿಸಿದೆ. ಸಕುಜೋ ಅವರು ಅವನ ಪಕ್ಕದಲ್ಲಿ ಕುಳಿತು, ಅವನು ಹೋದಲ್ಲಿಗೇ ತಮ್ಮ ದನಿಯನ್ನೂ ಒಯ್ದರು. ಹಾಡು ಮುಗಿದಾಗ ಅಂಗಡಿಯೆಲ್ಲ ಚಪ್ಪಾಳೆ ತಟ್ಟಿತು, ಆ ಮನುಷ್ಯ ಉಬ್ಬಿಹೋಗಿ ನಮಗೆಲ್ಲ ಸುಟ್ಟ ಬೊಂಡಾಸ್ ಮೀನು ಕೊಡಿಸಿದ. ಹೊರಗೆ ಬಂದ ಮೇಲೆ ಅವರು ನನ್ನ ಬೆನ್ನು ತಟ್ಟಿ ಹೇಳಿದರು: "ಹಾಡೋನನ್ನ ಒಂಟಿಯಾಗಿ ಬಿಡಬಾರ್ದು ಕಣಯ್ಯಾ. ಅವನು ದಾರಿ ತಪ್ಪಿದ್ರೆ ಜೊತೇಲಿ ನಾವೂ ತಪ್ಪೋಣ."

ಮುಂದೆ ಟೋಕಿಯೋದ ರೆಕಾರ್ಡು ಕಂಪನಿಯೊಂದು ಇಬ್ಬರನ್ನೂ ಕರೆಸಿ 'ಎರಡು ದೋಣಿ' ಎಂಬ ಹಾಡನ್ನು ಮುದ್ರಿಸಿತು. ಒಂದೇ ಬಟ್ಟಲಿನ ಸಾಕೆ ಮದ್ಯ ಕುಡಿದು ಅಣ್ಣತಮ್ಮಂದಿರಾದ ಇಬ್ಬರು ಮೀನುಗಾರರ ಹಾಡು ಅದು. ಬಿರುಗಾಳಿಯಲ್ಲಿ ಸಿಕ್ಕಿದ ಅಣ್ಣ ಮೇಲ್ದನಿಯಲ್ಲಿ ಕೂಗುತ್ತಾನೆ. 'ಅಣ್ಣಾ, ದಡದಲ್ಲಿ ದೀಪ ಹಿಡಿದಿದ್ದೇನೆ' ಎಂದು ತಮ್ಮ ಕೆಳದನಿಯಲ್ಲಿ ಉತ್ತರಿಸುತ್ತಾನೆ. ರೆಕಾರ್ಡು ಅಂಗಡಿಗಳ ಮುಂದೆ ಕಿತ್ತಳೆ ಹಣ್ಣಿನ ಪೆಟ್ಟಿಗೆಗಳ ಮೇಲೆ ನಿಂತು, ಹಿಮ ಬೀಳುತ್ತಿದ್ದರೂ ಇಬ್ಬರೂ ಅದನ್ನು ಹಾಡಿದರು. ಹೆಂಗಸರು ಮೀನಿನ ಬುಟ್ಟಿ ಕೆಳಗಿಟ್ಟು ಕೇಳುತ್ತಿದ್ದರು.

ಅಷ್ಟರಲ್ಲಿ, ಗಿರಾಕಿಗಳೇ ಹಾಡಲೆಂದು ಬಾರುಗಳಲ್ಲಿಟ್ಟಿದ್ದ ಕರಾವೋಕೆ ಯಂತ್ರಕ್ಕೆ ಹಾಡಿನ ಸಾಲು ತೋರಿಸುವ ಪರದೆ ಬಂತು. ಆ ಪರದೆಯ ಮೇಲೆ ಗಂಡಸಿನ ಸಾಲು ನೀಲಿ, ಹೆಂಗಸಿನ ಸಾಲು ಗುಲಾಬಿ. ನಮ್ಮ ಬಾರುಗಳಲ್ಲಿ ಯುಗಳಗೀತೆಯೆಂದರೆ ಗಿರಾಕಿ ಮತ್ತು ಅವನಿಗೆ ಸಾಕೆ ಸುರಿಯುವ ಹೆಂಗಸು ಸೇರಿ ಹಾಡುವ ಹಾಡು. ಬಣ್ಣ ಹಚ್ಚಿದ ಪುಣ್ಯಾತ್ಮ ಹಾಡನ್ನು ಕೇಳುವ ಗೋಜಿಗೇ ಹೋಗದೆ, ಸಕುಜೋ ಅವರ ಸಾಲುಗಳನ್ನೆಲ್ಲ ಗುಲಾಬಿ ಮಾಡಿ ಕೈತೊಳೆದುಕೊಂಡ. ನಾನು ಕಂಪನಿಯ ಮೇಲ್ವಿಚಾರಕ ಕುಸಾಕಾಬೆ ಅವರ ಬಳಿಗೆ ಓಡಿದೆ. ಅವರು ನಕ್ಕರು.

"ತಪ್ಪು ಅಂತ ಯಾಕಂತೀರಿ? ಹೆಂಗಸ್ರು ಹಾಡ್ತಿದ್ದಾರೆ, ಮೆಷಿನ್ ಓಡ್ತಿದೆ. ಇಬ್ರು ಗಂಡಸ್ರು ಪಕ್ಕಪಕ್ಕ ನಿಂತು ಗೋಳಾಡೋದನ್ನ ಯಾರು ನೋಡ್ತಾರೆ ಸ್ವಾಮಿ?"

ತಪ್ಪನ್ನು ತಿದ್ದುವ ಬದಲು ಕಂಪನಿ ಹಾಡನ್ನೇ ತಿದ್ದಿತು. 'ಅಣ್ಣಾ' ಹೋಗಿ 'ನಲ್ಲಾ' ಬಂತು, ಹೆಣ್ಣುದನಿಗೆ ಹೊಂದಲೆಂದು ಶ್ರುತಿ ಮೇಲೇರಿತು, ಸಕುಜೋ ಅವರ ಜಾಗಕ್ಕೆ ಮಿನಾಸೆ ಓರಿಯೆ ಎಂಬ ಹೊಸ ಗಾಯಕಿ ಬಂದರು. ಇಷ್ಟಕ್ಕೂ ನಾಚದೆ, ಆ ಹುಡುಗಿಗೆ ಹಾಡು ಕಲಿಸಲು ಸಕುಜೋ ಅವರನ್ನೇ ನೇಮಿಸಿದರು! ಮನೆ ಕಿತ್ತುಕೊಂಡು, ಹೊಸಬರಿಗೆ ಕೋಣೆಗಳನ್ನು ನೀನೇ ತೋರಿಸು ಎಂದ ಹಾಗೆ. ಅವರು ತೋರಿಸಿದರು. ಉಸಿರು ಸಾಲದೆ ಆಕೆ ಅತ್ತಾಗ, "ನನ್ನ ಉಸಿರು ನಿನಗ್ಯಾಕಮ್ಮಾ? ನಿಂಗೆಲ್ಲಿ ಬೇಕೋ ಅಲ್ಲಿ ತಗೋ, ಹಾಡು ಕಾಯುತ್ತೆ" ಎಂದು ಸಮಾಧಾನ ಮಾಡಿದರು. ಹಾಡು ದೇಶದ ತುಂಬ ಹಬ್ಬಿತು. ತೊಕುಹೇ ಅವರು ಹೊಸ ವರ್ಷದ ಟಿವಿ ಕಾರ್ಯಕ್ರಮಗಳಲ್ಲಿ ಮಿಂಚಿದರು, ಸಕುಜೋ ಅವರ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಸಕುಜೋ ಅವರು ಕಂಪನಿಯ ಹಿಂಬದಿಯ ಕೋಣೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತ, ಊರೂರಿನ ಬಿಸಿನೀರಿನ ಬುಗ್ಗೆಗಳ ಛತ್ರಗಳಲ್ಲಿ ಯಾರಾರದೋ ಹಾಡಿಗೆ ಕೆಳದನಿಯಾಗುತ್ತ ಮುದುಕರಾದರು.

ಇದೆಲ್ಲ ಹಳೆಯ ಗಾಯ, ಕೆರೆಯಬಾರದು ಎಂದು ನಾನೂ ಸುಮ್ಮನಿದ್ದೆ. ಆದರೆ ಕಳೆದ ವಾರ ಬೀಳ್ಕೊಡುಗೆ ಕಾರ್ಯಕ್ರಮದ ತಾಲೀಮಿನಲ್ಲಿ ತಿಳಿದದ್ದೇನು? ತೊಕುಹೇ ಮತ್ತು ಓರಿಯೆ 'ಎರಡು ದೋಣಿ' ಹಾಡಬೇಕಂತೆ. ಎಪ್ಪತ್ತು ತುಂಬಿದವರಿಗೆ ತೊಡಿಸುವ ನೇರಳೆ ಅಂಗಿ ತೊಟ್ಟು ಕುರ್ಚಿಯಲ್ಲಿ ಕುಳಿತ ಸಕುಜೋ ಅವರು ಕೇಳಿ, ಹೂಗುಚ್ಛ ಸ್ವೀಕರಿಸಬೇಕಂತೆ. ತಮ್ಮದೇ ಬೀಳ್ಕೊಡುಗೆಯಲ್ಲಿ ತಮ್ಮದೇ ಸಾಲಿಗೆ ಅವರು ಪ್ರೇಕ್ಷಕರು!

ಓರಿಯೆ ಮೈಕನ್ನು ಕೆಳಗಿಟ್ಟರು. "ಮೇಷ್ಟ್ರು ಹಾಡ್ಲಿ. ಅವರೆದುರಿಗೆ ಅವರ ಸಾಲು ನಾನು ಹಾಡಲ್ಲ."

"ವಾದ್ಯಗಾರರು ಈ ಶ್ರುತಿಗೇ ಕಲಿತಿರೋದು. ಅವರ ಗಂಟಲಿಗೆ ಇದು ಎಟುಕಲ್ಲ," ಎಂದರು ಕುಸಾಕಾಬೆ. "ನೀವು ಹಾಡಲ್ಲ ಅಂದ್ರೆ ಹಾಡೇ ಬೇಡ, ತೆಗೆದುಬಿಡೋಣ. ಹೂವು ಸಾಕು."

ತೆಗೆದೇಬಿಟ್ಟರು. ತೊಕುಹೇ ಅವರು ತಮ್ಮ ಬೂಟಿನ ತುದಿಯನ್ನು ನೋಡುತ್ತ ನಿಂತಿದ್ದರು.

ನಾನು ಸಕುಜೋ ಅವರ ಮನೆಗೆ ಹೋಗಿ ಕೂಗಾಡಿದೆ. ಅವರು ಒಣಗಿಸಲು ಪರ್ಸಿಮನ್ ಹಣ್ಣುಗಳ ಸಿಪ್ಪೆ ತೆಗೆಯುತ್ತಿದ್ದರು.

"ಬಿಡಯ್ಯಾ, ಹೂವು ಚೆನ್ನಾಗಿರುತ್ತೆ. ತಗೊಂಡು ಬರ್ತೀನಿ."

"ಅಣ್ಣಾ, ತೊಕುಹೇ ಅವರು ಹಳೇ ಶ್ರುತೀಲಿ ಮೊದಲನೇ ಸಾಲು ಎತ್ತಿದ್ರೆ?" ಎಂದು ಕೇಳಿದೆ.

ಅವರ ಕೈಯಲ್ಲಿದ್ದ ಚಾಕು ನಿಂತಿತು.

"ಅವನು ಕೂಗಿದ್ರೆ ನಾನು ಬಾಯಿ ಮುಚ್ಕೊಂಡು ಕೂರೋಕಾಗುತ್ತೇನೋ? ಇಷ್ಟು ವರ್ಷ ಅದಕ್ಕೇ ತಾನೆ ಕಾದಿರೋದು."

ಅವರು ಕಾಯುತ್ತಿದ್ದರೆಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮನೆಗೆ ಬಂದವನೇ ಅಕಾರ್ಡಿಯನ್ ತೆಗೆದು, ಆ ಹಾಡನ್ನು ಹಳೆಯ ಶ್ರುತಿಯಲ್ಲಿ ಬಾರಿಸಿ ನೋಡಿದೆ.

ಶ್ರೀ ಇಸುರುಗಿ ಸಕುಜೋ ಅವರು ನೂರು ವರ್ಷ ಬಾಳಲಿ, ಇನ್ನಷ್ಟು ಮಕ್ಕಳಿಗೆ ಹಾಡು ಕಲಿಸಲಿ, ಒಂಟಿಯಾಗಿ ಹಾಡುವವರಿಗೆಲ್ಲ ಅವರ ಕೆಳದನಿ ಸಿಗುತ್ತಿರಲಿ ಎಂದು ಮನಸಾರೆ ಹಾರೈಸುತ್ತೇನೆ. ಆದರೆ ಬರಿಯ ಹಾರೈಕೆಯಿಂದ ಅವರಿಗೆ ಸಲ್ಲಬೇಕಾದ ಬಾಕಿ ತೀರುವುದಿಲ್ಲ. ಆದ್ದರಿಂದ ಈ ಪುಸ್ತಕ ಹಿಡಿದು ಸಭೆಯಲ್ಲಿ ಕುಳಿತ ಎಲ್ಲರಿಗೂ ತಿಳಿಸುತ್ತಿದ್ದೇನೆ: ಅವರ ಕೈಗೆ ಹೂಗುಚ್ಛ ಬಂದ ಗಳಿಗೆಯಲ್ಲಿ ನಾನು ವೇದಿಕೆಯ ಕೆಳಗಿನಿಂದಲೇ 'ಎರಡು ದೋಣಿ'ಯನ್ನು ಹಳೆಯ ಶ್ರುತಿಯಲ್ಲಿ ಬಾರಿಸುತ್ತೇನೆ. ಕಂಪನಿಯವರು ಮೈಕು ಆರಿಸಬಹುದು, ಅಕಾರ್ಡಿಯನ್‌ಗೆ ಸ್ವಿಚ್ಚಿಲ್ಲ. ಮೊದಲ ಸಾಲು ಬರುವವರೆಗೂ ಬಾರಿಸುತ್ತಲೇ ಇರುತ್ತೇನೆ.

ಓದಾಶಿಮಾ ತೊಕುಹೇ ಅವರೇ, ಆ ಸಾಲು ನಿಮ್ಮದು.